ಜಮಾದಾರ ಬೊಗಳುವುದಿಲ್ಲ

ಫೆಬ್ರವರಿ ೬

ಮೊಮ್ಮಗಳಿಗೆ,

ನಾನು ಇದ್ದೇನೆ, ನಿನ್ನ ನಾಯಿಯೂ ಇದೆ. ನೀನು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ. ಹೊರಡುವ ದಿನ ‘ಬರುತ್ತೇನೆ ಅಜ್ಜಿ’ ಅನ್ನುವ ಒಂದು ಮಾತು ನಿನ್ನ ಬಾಯಿಂದ ಬೀಳಲಿಲ್ಲ. ಬಟ್ಟೆ ಒಣಹಾಕಿ ತಿರುಗುವಷ್ಟರಲ್ಲಿ ಪೆಟ್ಟಿಗೆಯೂ ಇಲ್ಲ, ನೀನೂ ಇಲ್ಲ. ಸ್ಟೇಷನ್ನಿನಲ್ಲಿ ಕೂತು ಯಾವ ಗಾಡಿ ಬಂತು, ಯಾವ ಗಾಡಿ ಹೋಯಿತು ಎಂದು ದಿನವಿಡೀ ಮೈಕಿನಲ್ಲಿ ಊರಿಗೆಲ್ಲ ಹೇಳುತ್ತೀಯಂತೆ. ಸಾಕಿದ ಮುದುಕಿಗೆ ಹೇಳುವಾಗ ಮಾತ್ರ ನಿನಗೆ ಬಾಯಿ ನೋವು. ಇರಲಿ.

ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ. ತಪ್ಪಿದ್ದರೆ ತಿದ್ದಿಕೊಂಡು ಓದು, ಗೆಳತಿಯರಿಗೆ ತೋರಿಸಿ ನಗಬೇಡ.

ಪಾರ್ಕಿನಲ್ಲಿ ನಾಯಿ ಬಿಡಬಾರದೆಂದು ಬೋರ್ಡು ಹಾಕಿದ್ದಾರೆ. ಹಾಗಾಗಿ ಜಮಾದಾರನಿಗೂ ನನಗೂ ನಮ್ಮ ಹಳೆಯ ಜಾಗವೇ ಗತಿ, ಬಂಡೆಗಳ ನಡುವಿನ ಆ ಪುಟ್ಟ ಕಡಲ ದಂಡೆ. ನೀರು ಇಳಿದಾಗ ಮಾತ್ರ ಅದು ಇರುತ್ತದೆ. ಏರಿದರೆ ಅಲ್ಲಿ ಅಂಥದೊಂದು ಜಾಗ ಇತ್ತೆಂದು ಆಣೆ ಮಾಡಿ ಹೇಳಿದರೂ ಯಾರೂ ನಂಬುವುದಿಲ್ಲ. ಎರಡು ಬಂಡೆಗಳ ನಡುವಿನ ಸಂದೇ ಒಳಗೆ ಹೋಗುವ ದಾರಿ, ಅದೇ ಹೊರಗೆ ಬರುವ ದಾರಿ. ನೀರು ಏರುವಾಗ ಮೊದಲು ತುಂಬುವುದೂ ಆ ಸಂದೇ. ನಾವು ಸಮುದ್ರ ನೋಡುತ್ತ ಕೂತಿರುತ್ತೇವೆ, ಅದು ಬೆನ್ನ ಹಿಂದಿನಿಂದ ಬಂದಿರುತ್ತದೆ.

ನೀನು ಇವನನ್ನು ಮರಿಯಾಗಿ ತಂದ ವರ್ಷವೇ ನಾವು ಕಂಡುಕೊಂಡ ಉಪಾಯ ನೆನಪಿದೆಯಲ್ಲ. ಪಾದ ಒದ್ದೆಯಾದರೆ ಇವನಿಗೆ ಆಗುವುದಿಲ್ಲ. ಸಂದಿನಲ್ಲಿ ಕೂರಿಸಿದರೆ, ಮೊದಲ ನೀರು ಉಗುರಿಗೆ ತಾಗಿದ ಕೂಡಲೇ ಊರು ಎದ್ದು ಕೂರುವ ಹಾಗೆ ಬೊಗಳುತ್ತಾನೆ. ಆಗ ಎದ್ದರೆ ಕಾಲಿನ ಗಂಟು ನೆನೆಯುವ ಮೊದಲೇ ದಾಟಿಬಿಡಬಹುದು. ಆ ಕೆಲಸಕ್ಕೇ ತಾನೆ ಜಮಾದಾರ ಎಂದು ಹೆಸರಿಟ್ಟದ್ದು.

ಈಗ ಜಮಾದಾರರಿಗೆ ದೊಡ್ಡಸ್ತಿಕೆ ಬಂದಿದೆ. ಪೋಸ್ಟಿನವನು ಗೇಟು ತೆಗೆದರೂ ಬೊಗಳುವುದಿಲ್ಲ. ಕೂತಲ್ಲೇ ಆಕಳಿಸುತ್ತಾರೆ.

ಅಜ್ಜಿ


ಫೆಬ್ರವರಿ ೧೯

ಅಜ್ಜಿ,

ನಿನ್ನ ಬೈಗುಳ ಓದಿ ನಗು ಬಂತು, ಆಮೇಲೆ ಸಿಟ್ಟು ಬಂತು. ಹೇಳದೆ ಹೋದವಳು ನಾನಲ್ಲ. ಗೇಟಿನ ಹತ್ತಿರ ನಿಂತು ಕರೆದೆ. ಪೆಟ್ಟಿಗೆ ಕೆಳಗಿಟ್ಟು ಮತ್ತೆ ಕರೆದೆ. ನೀನು ತಂತಿಗೆ ಬಟ್ಟೆ ಹಾಕುತ್ತಲೇ ಇದ್ದೆ. ಜಮಾದಾರ ತಿರುಗಿ ನೋಡಿದ, ನೀನು ನೋಡಲಿಲ್ಲ. ಈ ಕೆಲಸಕ್ಕೆ ಒಪ್ಪಿಕೊಂಡದ್ದು ನಿನಗೆ ಇಷ್ಟವಿರಲಿಲ್ಲ, ನನಗೆ ಗೊತ್ತು. ಮುಖ ತಿರುಗಿಸಿ ಕಳಿಸುವಷ್ಟು ಸಿಟ್ಟಿದೆ ಅಂದುಕೊಂಡು ಹೊರಟುಬಂದೆ. ಇಷ್ಟು ದಿನ ಕಾಗದ ಬರೆಯದೆ ಇದ್ದದ್ದೂ ಅದಕ್ಕೇ.

ನನ್ನದು ಗಾಜಿನ ಕೋಣೆ. ಗುಂಡಿ ಒತ್ತಿದರೆ ಮೊದಲು ಗಂಟೆ ಹೊಡೆಯುತ್ತದೆ, ಆಮೇಲೆ ನನ್ನ ಧ್ವನಿ. ಕೆಳಗೆ ಅಷ್ಟು ಜನ ಓಡಾಡುತ್ತಾರೆ, ಒಬ್ಬರೂ ತಲೆಯೆತ್ತಿ ನೋಡುವುದಿಲ್ಲ. ಚಹಾ ಕುಡಿಯಲು ಮಾತ್ರ ಪುರುಸೊತ್ತಿಲ್ಲ, ಯಾವಾಗ ನೋಡಿದರೂ ತಣ್ಣಗಾಗಿರುತ್ತದೆ.

ನಾನು ಕೊಟ್ಟು ಬಂದ ಫೋನ್ ಯಾಕೆ ತೆಗೆಯುವುದಿಲ್ಲ? ನೀನು ಒಬ್ಬಳೇ ಆ ಬಂಡೆಗಳಲ್ಲಿ ಇಳಿಯುವುದನ್ನು ನೆನೆದರೆ ನನಗೆ ಸಮಾಧಾನವಿಲ್ಲ. ಜಮಾದಾರನೂ ಮರಿಯಲ್ಲ ಈಗ.

ನಿನ್ನ ಮೊಮ್ಮಗಳು


ಮಾರ್ಚ್ ೨

ಮೊಮ್ಮಗಳಿಗೆ,

ಗೇಟಿನಲ್ಲಿ ನಿಂತು ಕರೆದೆಯಂತೆ. ಇನ್ನೇನು ಬಂತು ಗಾಡಿ, ಇನ್ನೇನು ಬಂತು ಎಂದು ಸುಳ್ಳು ಹೇಳಿ ಹೇಳಿ ರೈಲಿನವರ ಅಭ್ಯಾಸ ನಿನಗೂ ಹತ್ತಿದೆ. ನೀನು ಕರೆದಿದ್ದರೆ ನಾನು ತಿರುಗದೆ ಇರುತ್ತಿದ್ದೆನೇ? ನಿನ್ನ ಮೇಲೆ ಸಿಟ್ಟಿದ್ದರೆ ಮುಖಕ್ಕೇ ಹೇಳುತ್ತೇನೆ, ಬೆನ್ನಿನಲ್ಲಿ ಹೇಳುವವಳಲ್ಲ ನಾನು.

ಫೋನು ಹೊಲಿಗೆ ಡಬ್ಬದಲ್ಲಿದೆ. ಕಿವಿಗೆ ಇಟ್ಟರೆ ಕಾಗದದ ಮೇಲೆ ಜಿರಲೆ ಓಡಾಡಿದಷ್ಟು ಸದ್ದು. ಈಗಿನವರೆಲ್ಲ ಬಾಯಲ್ಲಿ ಹತ್ತಿ ತುರುಕಿಕೊಂಡೇ ಮಾತಾಡುತ್ತಾರೆ. ಅಂಗಡಿಯವನೂ ಹಾಗೇ, ಬಸ್ಸಿನವನೂ ಹಾಗೇ. ಕಾಗದ ಒಂದೇ ಸರಿಯಾಗಿ ಮಾತಾಡುವುದು.

ಒಂದು ಮಾತು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಮನೆಯಲ್ಲಿ ಏನೋ ಸರಿಯಿಲ್ಲ ಕಣೇ. ನಮ್ಮ ಬಾಗಿಲು ಕಿರುಗುಟ್ಟುವುದು ನಿನಗೆ ಗೊತ್ತಲ್ಲ, ನೀನು ತಡವಾಗಿ ಬಂದರೆ ಅದೇ ನನಗೆ ಚಾಡಿ ಹೇಳುತ್ತಿತ್ತು. ಅದು ನಿಂತುಹೋಗಿದೆ. ಯಾರೋ ಕೀಲಿಗೆ ಎಣ್ಣೆ ಬಿಟ್ಟಿದ್ದಾರೆ. ನಾನು ಬಿಟ್ಟಿಲ್ಲ. ಕೆಟಲ್ಲು ಶಿಳ್ಳೆ ಹಾಕದೆ ತಳ ಸುಟ್ಟುಕೊಂಡಿತು. ಮೊನ್ನೆ ಒಲೆಯ ಮುಂದೆ ನಿಂತಿದ್ದವಳು ತಿರುಗಿ ನೋಡುತ್ತೇನೆ, ಕೆಳಗಿನ ಮನೆಯ ಟೈಲರಮ್ಮ ನನ್ನ ಬೆನ್ನಿಗೇ ನಿಂತಿದ್ದಾಳೆ, ಕೈಯಲ್ಲಿ ಕತ್ತರಿ. ಹೊಲಿಯುವವಳ ಕೈಯಲ್ಲಿ ಕತ್ತರಿ ಇರದೆ ಸೌಟು ಇರುತ್ತದೆಯೇ ಅನ್ನುತ್ತೀಯ. ಆದರೆ ಬಾಗಿಲು ಬಡಿಯದೆ ಯಾಕೆ ಒಳಗೆ ಬರಬೇಕು? ಕೇಳಿದರೆ ಬಡಿದೆ ಅನ್ನುತ್ತಾಳೆ. ನೀನು ಕರೆದೆ ಅನ್ನುತ್ತೀಯ, ಅವಳು ಬಡಿದೆ ಅನ್ನುತ್ತಾಳೆ. ಎಲ್ಲರೂ ಕೂತು ಮಾತಾಡಿಕೊಂಡವರ ಹಾಗಿದೆ. ನನ್ನ ಎರಡು ಕೋಣೆಯ ಮೇಲೆ ಅವಳಿಗೆ ಕಣ್ಣಿದೆ ಎಂದು ನನಗೆ ಅನುಮಾನ.

ಈಗ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತೇನೆ. ಅಡುಗೆ ಮಾಡುವಾಗ ಅದೂ ಆಗುವುದಿಲ್ಲ.

ಜಮಾದಾರನೂ ಅವರ ಕಡೆಗೇ ಸೇರಿದ ಹಾಗಿದೆ. ಕಡಲ ಸಂದಿನ ಕಾವಲಿನಲ್ಲಿ ಬೊಗಳಲಿಲ್ಲ. ಚಪ್ಪಲಿ ಸ್ವಲ್ಪ ಒದ್ದೆಯಾಯಿತು, ಅಷ್ಟೇ.

ಅಜ್ಜಿ


ಮಾರ್ಚ್ ೧೪

ಅಜ್ಜಿ,

ಸ್ವಲ್ಪ ಎಂದರೆ ಎಷ್ಟು?

ಟೈಲರಮ್ಮ ಒಳ್ಳೆಯವರು. ನಾನೇ ಅವರಿಗೆ ನನ್ನ ನಂಬರ್ ಕೊಟ್ಟು, ನಿನ್ನನ್ನು ಆಗಾಗ ನೋಡಿಕೊಳ್ಳಿ ಎಂದು ಹೇಳಿ ಬಂದಿದ್ದೇನೆ. ನಿನಗೆ ಹೇಳಿದರೆ ಬೈಯುತ್ತೀಯೆಂದು ಹೇಳಲಿಲ್ಲ. ಈಗ ಹೇಳಿದ್ದೇನೆ, ಬೈ. ಆದರೆ ಅವರ ಬಗ್ಗೆ ಹಾಗೆಲ್ಲ ಹೆದರಬೇಡ.

ನನಗೆ ಹೆದರಿಕೆ ಜಮಾದಾರನದು. ಪೋಸ್ಟಿನವನಿಗೆ ಬೊಗಳುವುದಿಲ್ಲ, ನೀರಿಗೆ ಬೊಗಳುವುದಿಲ್ಲ ಎಂದರೆ ಅವನಿಗೆ ಗಂಟಲು ಹೋಗಿರಬೇಕು, ಇಲ್ಲವೇ ವಯಸ್ಸಾಗಿ ಮಂಕು ಕವಿದಿರಬೇಕು. ಡಾಕ್ಟರಿಗೆ ತೋರಿಸು. ಅಲ್ಲಿಯವರೆಗೆ ಅವನನ್ನು ನಂಬಿ ಬಂಡೆಗಳೊಳಗೆ ಕಾಲಿಡಬೇಡ. ಒಂದು ಸಲ ತಪ್ಪಿದ ಕಾವಲು ಇನ್ನೊಂದು ಸಲವೂ ತಪ್ಪುತ್ತದೆ.

ಮೊನ್ನೆ ಇಲ್ಲಿ ಒಬ್ಬ ಮುದುಕ ಪ್ಲಾಟ್‌ಫಾರಂ ಅಂಚಿನಲ್ಲಿ ನಿಂತುಬಿಟ್ಟ. ಹಿಂದೆ ಸರಿಯಿರಿ, ಹಿಂದೆ ಸರಿಯಿರಿ ಎಂದು ನಾನು ಹೇಳುತ್ತಲೇ ಇದ್ದೇನೆ, ಅವನು ಕದಲುತ್ತಿಲ್ಲ. ಗಾಡಿ ತಿರುವಿಗೆ ಬಂದಾಗಿತ್ತು. ಗಾರ್ಡ್ ಓಡಿ ಬಂದು ತೋಳು ಹಿಡಿದು ಎಳೆದ. ಅಷ್ಟು ಹೇಳಿದರೂ ಲಕ್ಷ್ಯವಿಲ್ಲವಲ್ಲ ಎಂದು ನನಗೆ ಬಹಳ ಸಿಟ್ಟು ಬಂತು. ಇಲ್ಲಿ ಕೂತು ನಾನು ನೋಡಬಹುದು, ಹೇಳಬಹುದು, ಹೋಗಿ ಹಿಡಿಯಲು ಆಗುವುದಿಲ್ಲ. ನಿನ್ನ ಕಾಗದ ಓದುವಾಗಲೂ ಹಾಗೇ ಅನಿಸುತ್ತದೆ.

ದಯವಿಟ್ಟು ಹೋಗಬೇಡ.

ನಿನ್ನ ಮೊಮ್ಮಗಳು


ಮಾರ್ಚ್ ೨೫

ಮೊಮ್ಮಗಳಿಗೆ,

ನನ್ನ ಮೇಲೆ ಗೂಢಚಾರರನ್ನು ಇಟ್ಟು ಹೋಗಿದ್ದೀಯ. ಸಂತೋಷ. ಇನ್ನು ನಾನು ಎಷ್ಟು ಸಲ ಕೆಮ್ಮಿದೆ ಎಂಬುದೂ ನಿನಗೆ ತಿಳಿಯುತ್ತದೆ.

ಜಮಾದಾರನನ್ನು ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹುಡುಗುಮುಖದ ಡಾಕ್ಟರು, ಮೀಸೆಗೆ ಮಾತ್ರ ವಯಸ್ಸಾಗಿದೆ. ಇವನ ಬಾಯಿ ಬಿಡಿಸಿದ, ಗಂಟಲಿಗೆ ಬೆಳಕು ಬಿಟ್ಟ, ಹೊಟ್ಟೆ ಒತ್ತಿದ. ಜಮಾದಾರ ಅವನ ಮುಖಕ್ಕೆ ಮುಖವಿಟ್ಟು ಬಾಯಿ ತೆರೆದು ತೆರೆದು ಮುಚ್ಚಿದ. ಬೆಕ್ಕು ತಂದು ಕಾಯುತ್ತಿದ್ದ ಹೆಂಗಸು ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ನಡೆದಳು. ಯಾಕೆ ನಡೆದಳೋ. ಡಾಕ್ಟರು ಏನೋ ಗೊಣಗಿದ. ಸರಿಯಾಗಿ ಹೇಳಪ್ಪಾ ಅಂದೆ. ಒಂದು ಚೀಟಿ ತೆಗೆದು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದ, ನಾಯಿಗೆ ಏನೂ ಆಗಿಲ್ಲ ಎಂದು. ಆಮೇಲೆ ನನ್ನ ಮುಖವನ್ನೇ ನೋಡಿ ಇನ್ನೊಂದು ಸಾಲು ಬರೆಯಲು ಪೆನ್ನು ಹಿಡಿದ. ನಾನು ಎದ್ದು ಬಂದೆ. ನಾಯಿ ಡಾಕ್ಟರು ನಾಯಿಯನ್ನು ನೋಡಿದರೆ ಸಾಕು.

ಸ್ವಲ್ಪ ಎಂದರೆ ಎಷ್ಟು ಎಂದು ಕೇಳಿದ್ದೀಯ. ಮಂಡಿಯವರೆಗೆ. ಇಲ್ಲ, ಸೊಂಟದವರೆಗೆ. ಬರೆದದ್ದನ್ನು ಹೊಡೆದುಹಾಕಲು ಮನಸ್ಸಿಲ್ಲ, ಇರಲಿ.

ಅವತ್ತು ನಾನು ತಿರುಗಿದಾಗ ಸಂದಿನಲ್ಲಿ ನೀರು ನೊರೆಯಾಗಿ ಸುತ್ತುತ್ತಿತ್ತು. ಜಮಾದಾರ ಅದರ ಅಂಚಿನಲ್ಲಿ ನಿಂತಿದ್ದ. ದಡಕ್ಕೆ ಎಸೆದ ಮೀನಿನ ಹಾಗೆ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಒಂದು ಚೂರು ಸದ್ದಿಲ್ಲ. ನೀರಿಗಿಂತ ಆ ಬಾಯಿಗೇ ನಾನು ಹೆಚ್ಚು ಹೆದರಿದ್ದು.

ಹುಣ್ಣಿಮೆ ಹತ್ತಿರ ಬಂತು. ನೀರು ಬಹಳ ದೂರ ಇಳಿಯುತ್ತದೆ, ದೊಡ್ಡ ಚಪ್ಪಟೆ ಬಂಡೆ ಪೂರ್ತಿ ಹೊರಗೆ ಬರುತ್ತದೆ. ಹೋಗುತ್ತೇನೆ. ಯಾಕೆ ಎಂದು ಕೇಳಬೇಡ, ನನಗೆ ಅಲ್ಲಿ ಕೂರಬೇಕು.

ಅಜ್ಜಿ


ಏಪ್ರಿಲ್ ೧

ಅಜ್ಜಿ,

ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಆಗುವುದೆಲ್ಲ ಆಗಿಹೋಗಿರುತ್ತದೆ. ಗೊತ್ತಿದ್ದೂ ಬರೆಯುತ್ತಿದ್ದೇನೆ, ಕೈ ಸುಮ್ಮನಿರುತ್ತಿಲ್ಲ.

ಈಗ ತಾನೇ ಟೈಲರಮ್ಮ ಫೋನ್ ಮಾಡಿದ್ದರು. ದೂರು ಹೇಳಲು. ನಿಮ್ಮ ನಾಯಿಯ ಕಾಟ ತಡೆಯಲಾಗುತ್ತಿಲ್ಲ, ಬೆಳಗಿನಿಂದ ಸಂಜೆಯವರೆಗೆ ಬೊಗಳುತ್ತದೆ, ಪೋಸ್ಟಿನವನು ಗೇಟಿನ ಹತ್ತಿರ ಬರಲೂ ಹೆದರುತ್ತಾನೆ, ಅಳತೆ ಕೊಡಲು ಬಂದವರ ಮಾತು ನನಗೆ ಕೇಳಿಸುವುದಿಲ್ಲ ಎಂದರು. ನಿಮ್ಮಜ್ಜಿಯೋ ಅದರ ಪಕ್ಕದಲ್ಲೇ ಕೂತು ಏನೂ ಆಗದವರ ಹಾಗೆ ತರಕಾರಿ ಹೆಚ್ಚುತ್ತಿರುತ್ತಾರೆ ಎಂದರು.

ನಾಯಿ ಬೊಗಳುತ್ತದೆಯೇ ಎಂದು ಮತ್ತೆ ಕೇಳಿದೆ. ‘ಬೊಗಳದೆ ಇದ್ದರೆ ನಾನು ಯಾಕಮ್ಮಾ ದುಡ್ಡು ಖರ್ಚು ಮಾಡಿ ಫೋನ್ ಮಾಡಲಿ’ ಎಂದರು.

ಅಜ್ಜಿ, ಜಮಾದಾರನ ಗಂಟಲು ಹೋಗಿಲ್ಲ. ಬಾಗಿಲಿಗೆ ಯಾರೂ ಎಣ್ಣೆ ಬಿಟ್ಟಿಲ್ಲ. ಅವರು ನಿಜವಾಗಿಯೂ ಬಾಗಿಲು ಬಡಿದಿದ್ದರು, ನಾನು ನಿಜವಾಗಿಯೂ ಕರೆದಿದ್ದೆ. ಆ ಪ್ಲಾಟ್‌ಫಾರಂ ಮುದುಕನ ಮೇಲೆ ನಾನು ಸಿಟ್ಟಾಗಬಾರದಿತ್ತು. ಇಷ್ಟು ಕಾಗದ ಓದಿಯೂ ನಾಯಿಯನ್ನೇ ಅನುಮಾನಿಸಿದೆನಲ್ಲ. ಕಿವಿ ಹೋಗಿರುವುದು ನಿನ್ನದು.

ಅಜ್ಜಿ ಎಲ್ಲಿ ಎಂದು ಕೇಳಿದೆ. ಆಗಲೇ ನಾಯಿ ಕರೆದುಕೊಂಡು ಹೊರಟರು, ಬಹಳ ಹೊತ್ತಾಯಿತು ಎಂದರು. ಇವತ್ತಿನ ನೀರು ಎಷ್ಟು ದೂರ ಇಳಿಯುತ್ತದೋ ಅಷ್ಟೇ ಬೇಗ ಏರುತ್ತದೆ. ಓಡಿ, ಹೊಲಿಗೆ ಅಲ್ಲೇ ಬಿಡಿ, ಓಡಿ ಎಂದೆ. ಅವರು ಓಡಿದ್ದಾರೆ. ಫೋನ್ ಅವರ ಹೊಲಿಗೆ ಅಂಗಡಿಯಲ್ಲೇ ಇದೆ, ಅವರು ವಾಪಸ್ಸು ಬಂದೇ ಹೇಳಬೇಕು. ನೀನು ಬೆನ್ನು ಹಾಕಿ ಕೂತಿರುತ್ತೀಯ. ಅವನು ಬೊಗಳುತ್ತಿರುತ್ತಾನೆ.

ಗಾಡಿ ಬರುತ್ತಿದೆ. ನಾನು ಹೇಳಲೇಬೇಕು. ಫೋನ್ ಇನ್ನೂ ಬಂದಿಲ್ಲ.


ಏಪ್ರಿಲ್ ೬

ಮೊಮ್ಮಗಳಿಗೆ,

ಬದುಕಿದ್ದೇನೆಂದು ಟೈಲರಮ್ಮ ಅವತ್ತೇ ಫೋನಿನಲ್ಲಿ ಹೇಳಿದ್ದಾಳೆ. ಹೇಗೆ ಬದುಕಿದೆ ಎಂಬುದನ್ನು ಅವಳಿಂದ ಕೇಳಿದರೆ ಅರ್ಧ ಅವಳ ಕಥೆಯೇ ಆಗುತ್ತದೆ. ನಾನು ಹೇಳುತ್ತೇನೆ ಕೇಳು. ನಿನ್ನ ಕಾಗದ ಇವತ್ತು ಬಂತು. ನೀನು ಅದರಲ್ಲಿ ಬರೆದದ್ದನ್ನು ಜಮಾದಾರ ನನಗೆ ಆಗಲೇ ಹೇಳಿಯಾಗಿತ್ತು.

ಅವನನ್ನು ಸಂದಿನಲ್ಲಿ ಕೂರಿಸಿ ನಾನು ಚಪ್ಪಟೆ ಬಂಡೆಯ ಮೇಲೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಕಾವಲು ಬಿಟ್ಟು ಬಂದು ಮೂತಿಯನ್ನು ನನ್ನ ಮೊಣಕೈಗೆ ಒತ್ತಿದ. ಅವನು ಹಾಗೆ ಎಂದೂ ಬಂದವನಲ್ಲ. ಮುದ್ದು ಮಾಡಿಸಿಕೊಳ್ಳಲು ಬಂದಿದ್ದಾನೆ ಅಂದುಕೊಂಡೆ. ‘ಹೋಗು, ನಿನ್ನ ಜಾಗಕ್ಕೆ ಹೋಗು’ ಅಂದೆ. ಹೋದ. ಮತ್ತೆ ಬಂದ, ಮೈಯನ್ನು ನನ್ನ ಬೆನ್ನಿಗೆ ಉಜ್ಜಿದ. ಬೆನ್ನು ತಣ್ಣಗಾಯಿತು, ಆದರೂ ನನಗೆ ತಲೆಗೆ ಹೋಗಲಿಲ್ಲ. ಸಮುದ್ರದಿಂದ ಕಣ್ಣು ತೆಗೆಯದೆ ಹಿಂದಕ್ಕೆ ಕೈ ಬೀಸಿ ಒಂದು ಏಟು ಹಾಕಿದೆ. ಹೋಗು ಅಂದೆ. ಅದಕ್ಕೂ ಹೋದ ಕಣೇ. ಪಾದ ಒದ್ದೆಯಾದರೆ ಅಳುವ ನಾಯಿ, ನಾನು ಹೇಳಿದೆನೆಂದು ನೀರಿನೊಳಕ್ಕೇ ಹೋಯಿತು.

ಹೋಗಿದ್ದಾನೋ ಇಲ್ಲವೋ ನೋಡೋಣ ಎಂದು ತಿರುಗಿದೆ. ಸಂದು ಇರಲಿಲ್ಲ. ಅಲ್ಲಿ ಬರೀ ನೀರು, ನೀರಿನ ಮೇಲೆ ಅವನ ತಲೆ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಆಚೆಗೆ ಒಣ ದಾರಿ ಇತ್ತು. ಈಜಿ ಹೋಗಬಹುದಿತ್ತು. ಹೋಗಲಿಲ್ಲ, ನನ್ನ ಕಡೆಗೇ ಮುಖ ಮಾಡಿದ್ದ.

ನನ್ನ ಕೂಗೂ ನನಗೆ ಕೇಳಿಸಲಿಲ್ಲ. ಕೂಗಿದೆನೋ ಇಲ್ಲವೋ ದೇವರಿಗೇ ಗೊತ್ತು. ಸಂದಿನ ಕಡೆ ನಡೆದೆ, ಎದೆಯವರೆಗೆ ಬಂತು, ಕಾಲು ನೆಲ ಬಿಟ್ಟಿತು. ಅವನ ಕುತ್ತಿಗೆಯ ಪಟ್ಟಿ ಕೈಗೆ ಸಿಕ್ಕಿತು. ನಾನು ಅವನನ್ನು ಎಳೆದೆನೋ ಅವನು ನನ್ನನ್ನು ಎಳೆದನೋ, ಬಂಡೆಯ ಪಕ್ಕದ ಗೋಡೆಯ ಹತ್ತಿರ ಬಂದೆವು. ಅಲ್ಲಿ ಚಿಪ್ಪುಗಳು ಕಚ್ಚಿಕೊಂಡಿರುವ ಗೆರೆ ಇದೆಯಲ್ಲ, ಅದರ ಮೇಲೆ ಒಬ್ಬರು ಕೂರುವಷ್ಟು ಚಾಚು. ಅಂಗೈ ಎಲ್ಲ ಹರಿದುಕೊಂಡು ಹತ್ತಿದೆ, ಅವನನ್ನು ಮಡಿಲಿಗೆ ಎಳೆದುಕೊಂಡೆ. ಚಿಪ್ಪಿನ ಗೆರೆ ದಾಟಿ ನೀರು ಬರುವುದಿಲ್ಲ ಎಂದು ಚಿಕ್ಕವಳಿದ್ದಾಗ ನೀನೇ ನನಗೆ ಪಾಠ ಹೇಳಿದ್ದೆ. ಆದರೆ ಹುಣ್ಣಿಮೆಯ ನೀರಿಗೆ ನಿನ್ನ ಪಾಠ ಗೊತ್ತೋ ಇಲ್ಲವೋ. ಗೆರೆ ಮುಳುಗಿತು. ನನ್ನ ಕಾಲು ಮುಳುಗಿತು. ಇಷ್ಟು ವರ್ಷದಲ್ಲಿ ನಾನು ಹೆದರಿದ್ದೆಲ್ಲ ಹೆದರಿಕೆಯೇ ಅಲ್ಲ.

ಆಗ ಅವನ ಬಾಯಿ ಮತ್ತೆ ತೆರೆಯಿತು. ಮೈ ನಡುಗುತ್ತಿದೆ, ಚಳಿಯಿರಬೇಕು ಎಂದು ಕುತ್ತಿಗೆ ತಬ್ಬಿಕೊಂಡೆ. ಗಂಟಲ ಮೇಲೆ ಕೈ ಬಿತ್ತು. ಅಲ್ಲಿ ಅದುರುತ್ತಿತ್ತು. ಬಾಯಿ ತೆರೆದಾಗಲೆಲ್ಲ ಅಂಗೈಯೊಳಗೆ ಗುದ್ದಿದ ಹಾಗೆ. ಬಾಯಿ ಮುಚ್ಚಿದರೆ ನಿಲ್ಲುತ್ತಿತ್ತು, ತೆರೆದರೆ ಮತ್ತೆ. ಬೊಗಳುತ್ತಿದ್ದಾನೆ. ನನ್ನ ಕಿವಿಯ ಪಕ್ಕದಲ್ಲೇ ಬೊಗಳುತ್ತಿದ್ದಾನೆ.

ಕೈ ತೆಗೆಯಲಿಲ್ಲ. ಎಷ್ಟು ದಿನದಿಂದ ಬೊಗಳುತ್ತಿದ್ದಾನೆ, ಪೋಸ್ಟಿನವನಿಗೂ ಬೊಗಳುತ್ತಿದ್ದನೇ, ಆ ಮೊದಲನೇ ಸಲವೂ ಬೊಗಳಿದ್ದನೇ. ಅದನ್ನೇ ಕೇಳುತ್ತ ಕೂತೆ. ಅವನನ್ನು ಕೇಳಿದೆನೋ ನನ್ನನ್ನೋ.

ಅವನ ಬೊಗಳು ಕೇಳಿಯೇ ಟೈಲರಮ್ಮ ನಾವಿರುವ ಜಾಗ ಕಂಡುಹಿಡಿದದ್ದು. ಮೇಲಿನ ಬಂಡೆಯ ಅಂಚಿಗೆ ಬಂದು ಮಲಗಿ ಕೆಳಗೆ ನೋಡಿದಳು. ಅವಳೂ ಬಾಯಿ ತೆರೆದಳು, ಮುಚ್ಚಿದಳು. ಕೇಳಿಸುವುದಿಲ್ಲ ಎಂದು ಕಿವಿ ತೋರಿಸಿ ಕೈಯಾಡಿಸಿದೆ. ಮೊದಲ ಸಲ ಒಬ್ಬರಿಗೆ ಹಾಗೆ ಹೇಳಿದ್ದು. ನೀರು ಇಳಿಯುವವರೆಗೆ ಅವಳು ಅಲ್ಲಿಂದ ಏಳಲಿಲ್ಲ. ಕುತ್ತಿಗೆಗೆ ಹಾಕಿಕೊಂಡಿದ್ದ ಅಳತೆ ಟೇಪು ಗಾಳಿಗೆ ಹಾರುತ್ತಿತ್ತು. ಅದನ್ನೇ ನೋಡುತ್ತ ಕೂತಿದ್ದೆ.

ಅವಳ ಮೇಲೆ ಅನುಮಾನಪಟ್ಟು ಬರೆದದ್ದನ್ನು ಅವಳಿಗೆ ಹೇಳಬೇಡ.

ಅಜ್ಜಿ


ಏಪ್ರಿಲ್ ೧೮

ಮೊಮ್ಮಗಳಿಗೆ,

ರಜೆ ಹಾಕಿ ಬರುತ್ತೇನೆಂದು ಬರೆದಿದ್ದೀಯ. ಬಾ. ಕಿವಿಯ ಮಿಷನ್ನು ಕೊಡಿಸಲು ಕರೆದುಕೊಂಡು ಹೋಗುತ್ತೇನೆ ಅಂದಿದ್ದೀಯ. ಆಗಲಿ, ಹಾಕಿಕೊಳ್ಳುತ್ತೇನೆ. ಜಿರಲೆ ಓಡಾಡಿದ ಹಾಗಾದರೆ ಮಾತ್ರ ಕಿತ್ತು ನಿನ್ನ ಕೈಗೇ ಕೊಡುತ್ತೇನೆ. ಅಂಗೈ ಗಾಯ ಒಣಗಿದೆ. ಟೈಲರಮ್ಮ ಈಗ ಬಾಗಿಲು ಬಡಿಯುವುದಿಲ್ಲ, ದೀಪದ ಸ್ವಿಚ್ಚು ಹಾಕಿ ತೆಗೆದು ಮಾಡಿ ಬರುತ್ತಾಳೆ. ಮೊದಲ ದಿನ ಅದಕ್ಕೂ ಬೆಚ್ಚಿಬಿದ್ದೆ.

ಕಡಲಿಗೆ ಇನ್ನು ಹೋಗಲೇಬಾರದು ಅಂದಿದ್ದೀಯ. ಅದಕ್ಕೆ ಮಾತ್ರ ಉತ್ತರ ಬರೆಯುತ್ತೇನೆ.

ಕಿವಿ ಹೋಗುತ್ತಿದೆ ಎಂದು ನನಗೆ ಗೊತ್ತೇ ಇರಲಿಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ. ಮನೆಯಲ್ಲಿ ಎಲ್ಲ ಒಂದೊಂದಾಗಿ ಸುಮ್ಮನಾಗುತ್ತ ಬಂತು. ಗಡಿಯಾರ, ನಲ್ಲಿ, ನನ್ನ ಚಪ್ಪಲಿ. ಬೆನ್ನ ಹಿಂದೆ ಏನಿದೆಯೋ ತಿಳಿಯದೆ ಕೂರುವುದು ಹೇಗೆಂದು ನಿನಗೆ ಹೇಗೆ ಹೇಳಲಿ. ಆ ಚಪ್ಪಟೆ ಬಂಡೆಯ ಮೇಲೆ ಕೂತರೆ ಮಾತ್ರ ಅಲೆ ಹೊಡೆದದ್ದು ಕೆಳಗಿನಿಂದ ಮೈಗೆ ಬರುತ್ತದೆ, ಸೊಂಟದ ಮೂಳೆಗೆ, ಹಲ್ಲಿಗೆ. ನನ್ನ ಮಟ್ಟಿಗೆ ಇನ್ನೂ ಸದ್ದು ಮಾಡುವುದು ಅದೊಂದೇ. ಅದಕ್ಕೇ ಹೋಗುತ್ತಿದ್ದೆ. ನಾಯಿಗೆ ಪಾರ್ಕಿಲ್ಲ ಎಂಬುದು ನೆಪ.

ಮೊನ್ನೆ ಮತ್ತೆ ಹೋದೆವು, ಟೈಲರಮ್ಮನೂ ಬಂದಿದ್ದಳು. ಸಂದಿನ ಹತ್ತಿರ ಬಂದಾಗ ನನ್ನ ಕಾಲು ಮುಂದೆ ಹೋಗಲಿಲ್ಲ. ಜಮಾದಾರ ತನ್ನ ಜಾಗದಲ್ಲಿ ಹೋಗಿ ಕೂತ, ಹೊಡೆದವಳ ಮುಖ ನೋಡಿದ. ಆಮೇಲೆ ಒಳಗೆ ಹೋದೆ. ಈಗ ನಾನು ಸಮುದ್ರಕ್ಕೆ ಬೆನ್ನು ಹಾಕಿ, ಅವನ ಬಾಯಿಗೆ ಮುಖ ಮಾಡಿ ಕೂರುತ್ತೇನೆ. ಅವನು ಬಾಯಿ ತೆರೆದರೆ ಏಳುತ್ತೇನೆ. ಅವನು ಒಂದು ಸಲ ಆಕಳಿಸಿದ್ದಕ್ಕೂ ಎದ್ದು ಓಡಿದೆ, ಟೈಲರಮ್ಮ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಅಷ್ಟು ದೊಡ್ಡ ನೀರು ಬೆನ್ನ ಹಿಂದೆ ಇರುತ್ತದೆ. ಹೆದರಿಕೆ ಹೋಗಿಲ್ಲ, ಕೂರುವ ದಿಕ್ಕು ಬದಲಾಯಿಸಿದ್ದೇನೆ.

ನೀನು ಗೇಟಿನಲ್ಲಿ ನಿಂತು ಕರೆದಿದ್ದೆ. ಈಗ ನಂಬುತ್ತೇನೆ. ಪೆಟ್ಟಿಗೆ ಇಳಿಸಿ ಮತ್ತೆ ಕರೆದಿದ್ದೆ, ಅದನ್ನೂ ನಂಬುತ್ತೇನೆ. ನಾನು ತಂತಿಗೆ ಬಟ್ಟೆ ಹಾಕುತ್ತಲೇ ಇದ್ದೆ.

ಬಂದಾಗ ಬಾಗಿಲು ಬಡಿಯಬೇಡ, ಹಿಂದಿನಿಂದ ಕರೆಯಬೇಡ. ಸುತ್ತಿಕೊಂಡು ಬಂದು ನನ್ನ ಮುಂದೆ ನಿಲ್ಲು, ನಿನ್ನ ಬಾಯಿ ನನಗೆ ಕಾಣಲಿ. ವಾಪಸ್ಸು ಹೊರಡುವಾಗಲೂ ಹಾಗೇ ಮಾಡು.

ಅಜ್ಜಿ